ಬ್ಯಾಟರಿ ಚೊಲೋ ಇದೆ

ಕರೆಂಟು ಹೋದರೆ ನನಗೆ ಸಿಟ್ಟು ಬರುವುದಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಸಿಟ್ಟೆಲ್ಲ ಸಣ್ಣವರಿದ್ದಾಗಲೇ ಖರ್ಚಾಗಿ ಹೋಗಿರುತ್ತದೆ. ಆರಿದ್ರಾ ಮಳೆ ಜೋರಾಯಿತು ಅಂದರೆ ಎಲ್ಲೋ ಒಂದು ಕೊಂಬೆ ಮುರಿಯುತ್ತದೆ, ಎಲ್ಲೋ ಒಂದು ಕಂಬ ವಾಲುತ್ತದೆ. ಅದಕ್ಕೆ ಯಾರ ಮೇಲೆ ಹರಿಹಾಯುವುದು? ಈ ಸಲ ನನಗೆ ಸಿಟ್ಟು ಬಂದದ್ದು ಕರೆಂಟು ಇದ್ದಾಗ. ಮೊನ್ನೆ ಸಂಜೆ ಫ್ರಿಜ್ಜು ಗೊರ್ ಅನ್ನುತ್ತಿತ್ತು. ಕೊಟ್ಟಿಗೆಯ ಬಲ್ಬು ಮಂಕಾಗಿಯಾದರೂ ಉರಿಯುತ್ತಿತ್ತು. ಆದರೆ ಯುಪಿಎಸ್ ಲೈನಿನಲ್ಲಿರುವ ಜಗಲಿ, ನಡುಮನೆ, ಅಡುಗೆಮನೆ ಎಲ್ಲ ಕತ್ತಲೆ. ಚಾರ್ಜಿಂಗ್ ದೀಪ ಹತ್ತುವುದಿಲ್ಲ. ಮೂಲೆಯಿಂದ ಕೀಂ, ಕೀಂ ಅಂತ ಒಂದೇ ರಾಗ. ಮನೆಯವಳು ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ಆ ಬೆಳಕಿನಲ್ಲಿ ತಂಬುಳಿಗೆ ಒಗ್ಗರಣೆ ಹಾಕಿದಳು. ಹಾಕುವಾಗ ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಒಳ್ಳೆಯದಿತ್ತು.

ಆ ಕತ್ತಲಲ್ಲಿ ಕೂತಿದ್ದಾಗ, ಚಾರ್ಜ್ ಆಗದೆ ಇರುವುದರಲ್ಲಿ ಬದುಕಿಗೇ ಸಂಬಂಧಪಟ್ಟ ದೊಡ್ಡ ವಿಷಯವೊಂದು ಇದೆ ಅಂತ ನನಗೆ ಹೊಳೆಯಿತು. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಮೊದಲು ಉಳಿದದ್ದು ಮುಗಿಯಲಿ.

ಯುಪಿಎಸ್ ಕೆಟ್ಟಿದೆ ಅಂತ ಒಬ್ಬರಿಗೆ ಹೇಳಿದರೆ ಸಾಕು, ಊರೆಲ್ಲ ಇಂಜಿನಿಯರು. ಪಕ್ಕದ ಮನೆಯವರು ಬ್ಯಾಟರಿಯಲ್ಲಿ 'ನೀರು ಕಡಿಮೆ ಆಗಿರ್ತು' ಅಂದರು. ಭಾವ ಫೋನಿನಲ್ಲೇ 'ಬೋರ್ಡು ಹೋಯ್ದು' ಅಂದ. ಅವನ ಪ್ರಕಾರ ಜಗತ್ತಿನಲ್ಲಿ ಏನು ಕೆಟ್ಟರೂ ಹೋಗುವುದು ಬೋರ್ಡೇ. ಹಾಲು ಡೇರಿಯವನು ಒಳಗೆ ಹಲ್ಲಿ ಸತ್ತಿರಬೇಕು ಅಂದ. ಇದನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಕಡೆ ಸ್ವಿಚ್ ಬೋರ್ಡಿನಿಂದ ಹಿಡಿದು ಪಂಪ್‌ಸೆಟ್ಟಿನ ಸ್ಟಾರ್ಟರ್ ತನಕ ಹಲ್ಲಿ, ಇರುವೆಗಳು ಒಳಹೊಕ್ಕು ಪ್ರಾಣ ಬಿಡುತ್ತವೆ, ಜೊತೆಗೆ ಅದರ ಪ್ರಾಣವನ್ನೂ ತೆಗೆಯುತ್ತವೆ. ಇನ್ನು ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ಕೇಳಿದ್ದು ಒಂದೇ: 'ಎಷ್ಟು ವರ್ಷ ಆಯ್ತು?' ನಾಲ್ಕು ಅಂದೆ. 'ಹಾಗಾದ್ರೆ ಬ್ಯಾಟ್ರಿ ಹೊಸದು ಹಾಕ್ಸಿಬಿಡಿ.' ನೋಡಲಿಲ್ಲ, ಮುಟ್ಟಲಿಲ್ಲ, ಏನಾಗಿದೆ ಅಂತ ಕೇಳಲೂ ಇಲ್ಲ. ಈಗ ಎಲ್ಲಿ ಹೋದರೂ ಹೀಗೇ. ಮಿಕ್ಸರಿಗೂ ಇದೇ ಪ್ರಶ್ನೆ, ಮೊಬೈಲಿಗೂ ಇದೇ ಪ್ರಶ್ನೆ, ಮಂಡಿನೋವಿಗೂ ಇದೇ ಪ್ರಶ್ನೆ. ಎಷ್ಟು ವರ್ಷ ಆಯ್ತು ಅಂತ ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನಗೂ ಸಾಕಷ್ಟು ವರ್ಷ ಆಗಿದೆ.

ನಮ್ಮ ಜಿಲ್ಲೆಯಲ್ಲಿ ಕೂತು ಕರೆಂಟಿಗಾಗಿ ಬ್ಯಾಟರಿ ಇಟ್ಟುಕೊಳ್ಳುವುದೇ ಒಂದು ತಮಾಷೆ. ಕಾಳಿ ನದಿಯೊಂದಕ್ಕೇ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟುಗಳು. ಈಚೆ ಶರಾವತಿಗೆ ಗೇರುಸೊಪ್ಪೆಯಲ್ಲಿ ಒಂದು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳು. ಅದರಲ್ಲಿ ಒಂದನೆಯದು ಒಮ್ಮೆಯೂ ನಿಲ್ಲದೆ 962 ದಿನ ಓಡಿತು, 2018ರ ಡಿಸೆಂಬರ್ 31ಕ್ಕೆ ನಿಲ್ಲಿಸುವ ತನಕ. ಆಗ ಅದು ವಿಶ್ವದಾಖಲೆ. ಆ ಸುದ್ದಿಯನ್ನು ನಾನು ಕಿಟಕಿ ಹತ್ತಿರ ಹೋಗಿ ಓದಿದೆ, ಯಾಕೆಂದರೆ ಕರೆಂಟು ಇರಲಿಲ್ಲ. ಇದರಲ್ಲಿ ಕೈಗಾದ ತಪ್ಪು ಏನೂ ಇಲ್ಲ. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಟವರು ಹತ್ತಿ ಘಟ್ಟ ದಾಟಿ ಹೋಗುತ್ತದೆ. ನಮಗೆ ಬರುವುದು ಬೆಟ್ಟ, ಕಾನು, ತೋಟ ಎಲ್ಲ ಸುತ್ತಿ, ಸಣ್ಣ ಕಂಬಗಳ ಮೇಲೆ, ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ಕೊನೆಯ ಮನೆಗೆ. ಬಂದು ಮುಟ್ಟುವಷ್ಟರಲ್ಲಿ ಅದಕ್ಕೇ ಸುಸ್ತು. ಇದೆಲ್ಲ ನನಗೆ ಗೊತ್ತಾಗುತ್ತದೆ. ಗೊತ್ತಾದರೂ ತಲೆಯ ಮೇಲೆ ಹಾದು ಹೋಗುವ ದೊಡ್ಡ ಲೈನು ನೋಡಿದಾಗ ಹೊಟ್ಟೆ ಉರಿಯುವುದು ನಿಲ್ಲುವುದಿಲ್ಲ.

ನೀರು ಕಡಿಮೆ ಆಗಿದೆಯೋ ಅಂತ ನೋಡಲು ಹೋದೆ. ಅಲ್ಲಿಂದ ದೊಡ್ಡಪ್ಪನ ನೆನಪಾಯಿತು. ಅವನ ಕತೆ ಹೇಳದೆ ಮುಂದೆ ಹೋಗಲು ಬರುವುದಿಲ್ಲ.

1980ರ ದಶಕದ ಕೊನೆ. ಸುತ್ತಮುತ್ತಲ ಮನೆಗಳಿಗೆಲ್ಲ ಸೇರಿ ಒಂದು ಬ್ಲ್ಯಾಕ್ ಅಂಡ್ ವೈಟ್ ಟಿವಿ, ಅದು ದೊಡ್ಡಪ್ಪನ ಮನೆಯಲ್ಲಿ. ಆಂಟೆನಾ ಹಲಸಿನ ಮರದ ತುದಿಯಲ್ಲಿ. ಕರೆಂಟು ನಮ್ಮೂರಿಗೆ ಆಗಲೂ ಇತ್ತು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ಪೌರಾಣಿಕ ಧಾರಾವಾಹಿ ಶುರುವಾಗುವ ಹೊತ್ತಿಗೆ ಮಾತ್ರ ಇರುತ್ತಿರಲಿಲ್ಲ. ಹಾಗಾಗಿ ದೊಡ್ಡಪ್ಪ ಒಂದು ಹಳೆಯ ಕಾರಿನ ಬ್ಯಾಟರಿ ತಂದ. ಆ ಟಿವಿ 12 ವೋಲ್ಟಿನ ಬ್ಯಾಟರಿ ಮೇಲೂ ನಡೆಯುತ್ತಿತ್ತು. ಬ್ಯಾಟರಿ ಖಾಲಿಯಾದರೆ ಚಾರ್ಜ್ ಮಾಡಿಸಲು ಶಿರಸಿಗೇ ಒಯ್ಯಬೇಕು. ಗೋಣಿಚೀಲದಲ್ಲಿ ಇಟ್ಟು, ಓರೆಯಾಗದ ಹಾಗೆ ಹಿಡಿದು, ಕೆಂಪು ಬಸ್ಸಿನಲ್ಲಿ ಪ್ರಯಾಣ. ಹಿಡಿಯುವ ಕೆಲಸ ನನ್ನದು. ನನ್ನ ಒಂದು ಖಾಕಿ ಚಡ್ಡಿಯ ತೊಡೆಯ ಮೇಲೆ ಆಸಿಡ್ಡು ತಾಗಿ, ತೊಳೆದಾಗಲೆಲ್ಲ ತೂತು ದೊಡ್ಡದಾಗುತ್ತ ಹೋದದ್ದು ಅದೇ ವರ್ಷ.

ಕಂಡಕ್ಟರ್ ಲಗೇಜ್ ಚಾರ್ಜು ಕೇಳುತ್ತಿದ್ದ. ದೊಡ್ಡಪ್ಪನ ವಾದ ಏನಪ್ಪಾ ಅಂದರೆ, ಶಿರಸಿಗೆ ಹೋಗುವಾಗ ಬ್ಯಾಟರಿ ಖಾಲಿ, ಖಾಲಿ ಸಾಮಾನಿಗೆ ಎಂಥಾ ಲಗೇಜು? ಕಂಡಕ್ಟರ್ ಗೋಣಿ ಎತ್ತಿ ನೋಡಿ, 'ಖಾಲಿ ಅಂತೀರಿ, ಏಳೋದಿಲ್ವಲ್ಲ ಭಟ್ರೇ' ಅನ್ನುತ್ತಿದ್ದ. 'ಬರುವಾಗ ತುಂಬಿಸಿಕೊಂಡು ಬರ್ತೇನೆ, ಆಗ ಕೇಳು, ಕೊಡ್ತೇನೆ.' ಸಾಯಂಕಾಲದ ಬಸ್ಸಿಗೆ ಬೇರೆ ಕಂಡಕ್ಟರ್. ಅವನಿಗೆ, 'ಬೆಳಿಗ್ಗೆ ನಿಮ್ಮವರೇ ಬಿಟ್ಟಿದ್ದಾರೆ, ಭಾರ ಅಷ್ಟೇ ಇದೆ, ನೋಡು ಬೇಕಾದರೆ.' ಒಟ್ಟಿನಲ್ಲಿ ಆ ಬ್ಯಾಟರಿ ಒಂದು ಪೈಸೆ ಕೊಡದೆ ಜಾಸ್ತಿ ತಿರುಗಾಡಿದೆ.

ಚಾರ್ಜ್ ಮಾಡುವ ಅಂಗಡಿ ಅಂದರೆ ಒಂದು ಉದ್ದನೆಯ ಕತ್ತಲೆ ಕೋಣೆ. ನೆಲದ ಮೇಲೆ ಸಾಲಾಗಿ ಬ್ಯಾಟರಿಗಳು, ಮೈಮೇಲೆ ಸೀಮೆಸುಣ್ಣದಲ್ಲಿ ಊರಿನ ಹೆಸರು. ಮುಚ್ಚಳ ಬಿಚ್ಚಿದ ತೂತುಗಳಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತಿದ್ದವು. ಮೂಗಿಗೆ ಘಾಟು. ಅಂಗಡಿಯವನು ಪಿಚಕಾರಿಯ ಹಾಗಿನ ಗಾಜಿನ ಕೊಳವೆ ಇಳಿಸಿ ಆಸಿಡ್ಡು ಎಳೆಯುತ್ತಿದ್ದ. ಒಳಗೆ ಕೆಂಪು, ಬಿಳಿ, ಹಸಿರು ಪಟ್ಟಿಯ ಬುರುಡೆಯೊಂದು ತೇಲುತ್ತಿತ್ತು. ಹಸಿರು ಮೇಲೆ ಬಂದರೆ ಒಳ್ಳೆಯದು. ಅದು ಮೇಲೆ ಬರಲಿ ಅಂತ ನಾನು ಉಸಿರು ಹಿಡಿದು ನೋಡುತ್ತಿದ್ದೆ, ಯಾಕೆಂದರೆ ಬರದಿದ್ದರೆ ಭಾನುವಾರ ಊರವರ ಬೈಗುಳ ನನಗೂ ಪಾಲು.

ಅಲ್ಲಿ ಡಿಸ್ಟಿಲ್ಡ್ ವಾಟರ್ ಬಾಟಲಿ ಮಾರುತ್ತಿದ್ದರು. ನೀರಿಗೆ ದುಡ್ಡು ಕೊಡಬೇಕು ಅಂದದ್ದೇ ದೊಡ್ಡಪ್ಪನಿಗೆ ತಡೆಯಲಿಲ್ಲ. ಹೊರಗೆ ಮಳೆ ಧೋ ಅಂತ ಸುರಿಯುತ್ತಿದೆ. ಅಂಗಡಿಯವನು ಸುಮ್ನೆ ಬಾಯಿಮಾತಿಗೆ, ಮಳೆನೀರೂ ನಡೀತದೆ, ಆದರೆ ಮಾಡಿನಿಂದ ಇಳಿದದ್ದು ಆಗಬಾರದು, ನೇರ ಆಕಾಶದಿಂದಲೇ ಹಿಡಿಯಬೇಕು, ಲೋಹದ ಪಾತ್ರೆಯಲ್ಲಿ ಬೇಡ ಅಂದ. ಮಾತು ಸರಿಯೇ. ದೊಡ್ಡಪ್ಪ ಮನೆಗೆ ಬಂದವನೇ ಲೋಹದ್ದಲ್ಲದ ಪಾತ್ರೆ ಹುಡುಕಿದ. ಸಿಕ್ಕಿದ್ದು ದೊಡ್ಡಮ್ಮನ ಉಪ್ಪಿನಕಾಯಿ ಭರಣಿ. ಹಿಂದಿನ ವರ್ಷದ ಅಪ್ಪೆಮಿಡಿ ಮುಗಿದು ಖಾಲಿಯಾಗಿತ್ತು. ಒಂದು ಸಲ ತೊಳೆದು ಅಂಗಳದ ನಡುವೆ ಇಟ್ಟ. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ತುಂಬಿದ ಭರಣಿ ನೋಡಿ, ದೇವರೇ ಡಿಸ್ಟಿಲ್ ಮಾಡಿ ಕಳಿಸಿದ್ದಾನೆ ಅಂದ. ಬ್ಯಾಟರಿಯ ಆರೂ ಮುಚ್ಚಳ ಬಿಚ್ಚಿ ಹೊಯ್ದ. ವರ್ಷಗಟ್ಟಲೆ ಉಪ್ಪು ಕುಡಿದ ಭರಣಿ ಒಂದು ಸಲ ತೊಳೆದರೆ ಬಿಡುತ್ತದೆಯೇ? ಬ್ಯಾಟರಿಗೆ ಉಪ್ಪಿನಷ್ಟು ಆಗದ ವಸ್ತು ಬೇರೆ ಇಲ್ಲ.

ಆಮೇಲೆ ಒಂದು ಭಾನುವಾರ ಯುದ್ಧದ ಭಾಗ. ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಆಚೆ ಕಡೆಯವನು ಬಾಣ ಬಿಟ್ಟ. ಆ ಕಾಲದ ಬಾಣಗಳು ಗುರಿ ಮುಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದವು ಅಂತ ನೋಡಿದವರಿಗೆ ಗೊತ್ತು. ಬಾಣ ಇನ್ನೂ ಆಕಾಶದಲ್ಲಿದೆ, ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಲು ಶುರುವಾಯಿತು. ಮೊದಲು ಅಂಚಿನಲ್ಲಿ ಕಪ್ಪು. ಆಮೇಲೆ ಪೋಸ್ಟ್‌ಕಾರ್ಡಿನಷ್ಟು ಯುದ್ಧಭೂಮಿ. ಆಮೇಲೆ ಅದೂ ಇಲ್ಲ. ಕತೆ ಎಲ್ಲರಿಗೂ ಮೊದಲೇ ಗೊತ್ತಿದ್ದದ್ದೇ, ಆದರೂ ದೊಡ್ಡಪ್ಪನನ್ನು ಯಾರೂ ಬಿಡಲಿಲ್ಲ. ಮುಂದಿನ ಸಲ ಶಿರಸಿ ಅಂಗಡಿಯವನು ಬ್ಯಾಟರಿ ಬಿಚ್ಚಿ ನೋಡಿ, 'ಇದಕ್ಕೆ ಎಂಥಾ ಹಾಕಿದ್ರಿ?' ಅಂದ. 'ನೀನೇ ಹೇಳಿದ್ದು' ಅಂತ ದೊಡ್ಡಪ್ಪ. ದೊಡ್ಡಮ್ಮನಿಗೆ ಬ್ಯಾಟರಿಯ ಚಿಂತೆಯಿರಲಿಲ್ಲ. ಅವಳ ದುಃಖ ಭರಣಿಯದು. ಅಂಗಳದಲ್ಲಿ ನೆನೆದ ಭರಣಿಯಲ್ಲಿ ಮಿಡಿ ಹಾಕಿದರೆ ಬೂಸಲು ಬರುತ್ತದೆ ಅಂತ ಅದನ್ನು ಮತ್ತೆ ಉಪ್ಪಿನಕಾಯಿಗೆ ಮುಟ್ಟಲಿಲ್ಲ. ಕೊನೆಗೆ ಅದು ಕೊಡೆ ಇಡುವ ಭರಣಿಯಾಯಿತು. ದೊಡ್ಡಪ್ಪ ಹೋದ ಮೇಲೂ ಬಾಗಿಲ ಪಕ್ಕ ಬಹಳ ವರ್ಷ ಇತ್ತು.

ಎಲ್ಲಿದ್ದೆವು? ಹಾಂ, ನೀರು. ನೀರು ಸರಿಯಾಗಿಯೇ ಇತ್ತು.

ಮರುದಿನ ರಿಪೇರಿಯ ಹುಡುಗ ಬಂದ. ಅಂಗಡಿಯವನಲ್ಲ, ಬೇರೆಯವನು, ಬೈಕಿನ ಮೇಲೆ ಊರೂರು ತಿರುಗುವವನು. ಮನೆಯವಳು ಕುಡಿಯಲು ಆಸರಿಗೆ ಕೊಟ್ಟಳು, ನಾನು ಕವಳದ ತಬಕು ಮುಂದೆ ಸರಿಸಿದೆ. ಅವನು 'ಆಮೇಲೆ' ಅಂದ. ಇದನ್ನು ನೋಡಿಯೇ ನನಗೆ ಅವನ ಮೇಲೆ ನಂಬಿಕೆ ಬಂತು. ಮೊದಲು ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ನೋಡಿದ. ಟರ್ಮಿನಲ್ ಮೇಲೆ ಹಸಿರು ಮಿಶ್ರಿತ ಬಿಳಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹನಿಸಿದ. ಬುರುಬುರು ನೊರೆ ಎದ್ದು ಹಿಟ್ಟು ಕರಗಿ ಇಳಿಯಿತು, ಕೆಳಗಿನಿಂದ ಸೀಸದ ಬೂದು ಬಣ್ಣ ಕಂಡಿತು. ಸೋಡಾದ ಒಂದು ಹನಿಯೂ ಬ್ಯಾಟರಿಯ ಒಳಗೆ ಹೋಗಬಾರದು ಅಂತ ಹೇಳುತ್ತ ಹೇಳುತ್ತ ಒರೆಸಿದ. ವೈರು ಬಿಗಿದು ಮೇಲೆ ವ್ಯಾಸಲೀನ್ ಸವರಿದ. ಫ್ಯೂಸು ನೋಡಿದ. ಮೀಟರು ಇಟ್ಟ. 11.7 ವೋಲ್ಟು.

'ಬ್ಯಾಟ್ರಿ ಚೊಲೋ ಇದೆ ಹೆಗಡೇರೇ. ಹೊಟ್ಟೆಗೆ ಬಿದ್ದಿಲ್ಲ ಅಷ್ಟೆ.'

ಎಷ್ಟು ವರ್ಷ ಆಯ್ತು ಅಂತ ಅವನು ಕೇಳಲೇ ಇಲ್ಲ. ಅಪ್ಪಿಕೊಳ್ಳೋಣ ಅನಿಸಿತು.

ಆಮೇಲೆ ಅದೇ ಮೀಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದ. 230 ಇರಬೇಕಾದ್ದು 162. ಅಲ್ಲಿಂದ ಅವನ ಕಣ್ಣು ಯುಪಿಎಸ್ ಹಿಂದೆ ಹೋಯಿತು. ಅಲ್ಲೊಂದು ಸಣ್ಣ ಸ್ವಿಚ್ಚಿದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್ ಕಡೆ ಇದ್ದರೆ ಈ ಪೆಟ್ಟಿಗೆಗೆ ಭಾರೀ ಮಡಿ. ಸುಮಾರು 180ಕ್ಕಿಂತ ಕೆಳಗಿನ ಕರೆಂಟನ್ನು ಮುಟ್ಟುವುದೇ ಇಲ್ಲ. ಮುಟ್ಟದೆ ಸುಮ್ಮನಿದ್ದರೂ ಆಗುತ್ತಿತ್ತು, ಆದರೆ ಕರೆಂಟೇ ಇಲ್ಲ ಅಂದುಕೊಂಡು ಬ್ಯಾಟರಿಯಿಂದ ಮನೆ ನಡೆಸುತ್ತದೆ, ಬ್ಯಾಟರಿ ಮುಗಿಯುವ ತನಕ. ನಾರ್ಮಲ್ ಕಡೆ ಹಾಕಿದರೆ 162 ಬಂದರೂ ಸರಿ, ಅದಕ್ಕಿಂತ ಇಳಿದರೂ ಸರಿ, ಸಿಕ್ಕಿದ್ದನ್ನು ಉಂಡುಕೊಂಡು ನಿಧಾನಕ್ಕಾದರೂ ಚಾರ್ಜ್ ಆಗುತ್ತದೆ. ಹುಡುಗ ಉಗುರಿನಲ್ಲಿ ಸ್ವಿಚ್ಚು ಆಚೆ ತಳ್ಳಿದ. ಚಾರ್ಜಿಂಗ್ ದೀಪ ಹತ್ತಿತು.

ಸ್ವಿಚ್ಚು ಹಾಗೆ ಇಟ್ಟವರು ಯಾರು ಅಂತ ಮನೆಯವಳು ನನ್ನನ್ನು ನೋಡಿದಳು. ನಾನು ಮಗನನ್ನು ನೋಡಿದೆ. ಅವನು ಬೆಂಗಳೂರಿನ ಕೆಲಸವನ್ನು ಇಲ್ಲೇ ಜಗಲಿಯ ಮೂಲೆಯಲ್ಲಿ ಕೂತು ಮಾಡುವವನು. ಹೌದು, ನಾನೇ ಹಾಕಿದ್ದು, ಹಾಕಲೇಬೇಕು ಅಂದ. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದ ಕೂಡಲೇ ಬ್ಯಾಟರಿಗೆ ಬದಲಾಗುವುದು ಒಂದು ಚಿಟಿಕೆ ತಡ. ಬಲ್ಬಿಗೆ ಆ ತಡ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಮೀಟಿಂಗ್ ನಡುವೆ ಅದು ಆರಿ ಮತ್ತೆ ಹತ್ತುತ್ತದೆ, ಬಾಸು ಏನೋ ಕೇಳಿದ್ದಕ್ಕೆ ಇವನು ಮಾಯ. ಅವನು ಹೇಳುವುದೂ ಸುಳ್ಳಲ್ಲ. ಹುಡುಗನೂ ತಲೆ ಆಡಿಸಿದ.

ಅಲ್ಲಿಗೆ ಮನೆಯಲ್ಲಿ ಎರಡು ಪಕ್ಷವಾಯಿತು. ಮಗ ಕೆಲಸಕ್ಕೆ ಕೂರುವಾಗ ಸ್ವಿಚ್ಚು ಈಚೆ. ಅವನು ಎದ್ದ ಕೂಡಲೇ ಅವನ ಅಮ್ಮ ಹೋಗಿ ಆಚೆ. ಅವನು ಮರೆತರೆ ಸಂಜೆ ಕತ್ತಲೆ, ಅವಳು ಅವಸರ ಮಾಡಿದರೆ ಅವನ ಮೀಟಿಂಗು ಕತ್ತಲೆ. ನನ್ನನ್ನು ಇಬ್ಬರೂ ಸಾಕ್ಷಿಗೆ ಕರೆಯುತ್ತಾರೆ. ನಾನು ತೋಟಕ್ಕೆ ಹೋಗುತ್ತೇನೆ, ತೋಟದಲ್ಲಿ ಕೆಲಸ ಇಲ್ಲದಿದ್ದರೂ.

ಅವತ್ತು ಹೊರಡುವ ಮೊದಲು ಹುಡುಗ ಕವಳಕ್ಕೆ ಕೂತ. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರುತ್ತ, 'ಇಬ್ಬರ ಜಗಳವೂ ಬೇಡ ಅಂದ್ರೆ ಒಂದು ಸ್ಟೆಬಿಲೈಜರ್ ಹಾಕ್ಸಿಬಿಡಿ ಹೆಗಡೇರೇ. ವೋಲ್ಟೇಜು ಅದೇ ಎತ್ತಿ ಕೊಡ್ತದೆ' ಅಂದ.

'ಅದು ಕೆಟ್ಟರೆ?'

'ನಾನಿದ್ದೇನಲ್ಲ' ಅಂದವನು ಅಡಕೆ ಬಾಯಿಗೆ ಹಾಕಿಕೊಂಡ.