ಸೈಟು ಮಾಡೋಕೆ ಅಂತ ಬೇಸಾಯದ ಭೂಮಿಯನ್ನೇ ಬೀಳು ಜಮೀನು ಅನ್ನುತ್ತಾರಂತೆ!
ಮಂಡ್ಯದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಹರಿಯುವ ಗದ್ದೆಗೂ ಈಗ ಅದೇ ಗತಿ. ಒಂದೆರಡು ವರ್ಷ ಸುಮ್ನೆ ಬೀಳು ಬಿಡುವುದು, ಆಮೇಲೆ 'ಇಲ್ಲಿ ಬೇಸಾಯವೇ ಇಲ್ಲ' ಅಂತ ಕನ್ವರ್ಷನ್‌ಗೆ, ಅಂದರೆ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಲು, ಅರ್ಜಿ ಹಾಕುವುದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅದಕ್ಕೆ ಸಾಮಾನ್ಯವಾಗಿ ಅನುಮತಿ ಬೇಕು, ಸರಿ. ಅದು ಸಿಕ್ಕ ಮೇಲಾದರೂ ಮನೆ ಏಳುತ್ತದಾ? ಎಲ್ಲಿ! ಕಲ್ಲು ನೆಟ್ಟು, ದೊಡ್ಡ ಕಮಾನು ಕಟ್ಟಿ, ಸೈಟು ಮಾರಿ ಹೋಗುತ್ತಾರೆ. ಕೊಂಡವರು ರೇಟು ಏರಲಿ ಅಂತ ಕಾಯುತ್ತಾರೆ. ಭತ್ತ ಬೆಳೆಯುತ್ತಿದ್ದ ಕಡೆ ಪಾರ್ಥೇನಿಯಂ ಕಳೆ, ಅದೂ ಸೊಂಪಾಗಿ!

ನಮ್ಮ ಗೋಳು ಬೇರೆ. ಲೇಔಟ್ ರಸ್ತೆಯ ಮಣ್ಣೆಲ್ಲ ಹೊಲಗಾಲುವೆಗೆ ಬಿದ್ದು, ಕೆಳಗಿನ ಗದ್ದೆಗೆ ನೀರೇ ಬರುತ್ತಿಲ್ಲ. ಪ್ರತಿ ಸಲ ಗುದ್ದಲಿ ಹಿಡಿದು ನಾವೇ ಹೂಳು ಎತ್ತಬೇಕು. ಕೇಳಲು ಹೋದರೆ ಬ್ರೋಕರ್ ನಗುತ್ತಾನೆ: "ನೀವೂ ಕೊಟ್ಬಿಡಿ ಗೌಡ್ರೇ, ಒಳ್ಳೇ ರೇಟಿದೆ."