ಅಡ್ಮಿಟ್ ಆಗಿ ಅಜ್ಜಾ, ಆಮೇಲೆ ನೋಡೋಣ

ಸರ್ಕಾರಕ್ಕೆ ಹಿರಿಯರ ಮೇಲೆ ಪ್ರೀತಿ ಇಲ್ಲ ಅನ್ನುವವರ ಬಾಯಿಗೆ 2024ರ ಅಕ್ಟೋಬರ್‌ನಲ್ಲಿ ಬೀಗ ಬಿತ್ತು. 70 ತುಂಬಿದವರು ಬಡವರಿರಲಿ, ಸಾಹುಕಾರರಿರಲಿ, ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸಿಕೊಂಡರೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಪುಕ್ಕಟೆ. ವಯಸ್ಸು ಅಂದರೆ ಆಧಾರ್‌ನಲ್ಲಿರುವ ವಯಸ್ಸು. ನಮ್ಮಲ್ಲಿ ಆ ತಲೆಮಾರಿನ ಎಷ್ಟೋ ಜನ ಹುಟ್ಟಿದ್ದು ಜೂನ್ 1ಕ್ಕೆ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಕೃಪೆಯಿಂದ. ಅದಿರಲಿ.

ಆದರೆ ಒಂದು ಷರತ್ತಿದೆ. ಆಸ್ಪತ್ರೆಗೆ ಅಡ್ಮಿಟ್ ಆಗಬೇಕು.

ಮುದುಕರ ಕಾಯಿಲೆಗಳಿಗೆ ಈ ಶಿಸ್ತು ಇಲ್ಲ ನೋಡಿ. ಬಿಪಿ, ಶುಗರ್, ಮಂಡಿನೋವು ಇವೆಲ್ಲ ಮನೆಯಲ್ಲೇ ಠಿಕಾಣಿ ಹೂಡುತ್ತವೆ. ದಿನಾ ಮಾತ್ರೆ, ಆಗಾಗ ರಕ್ತಪರೀಕ್ಷೆ ಕೇಳುತ್ತವೆ. ಹೊರರೋಗಿಯಾಗಿ ತೋರಿಸಿಕೊಂಡರೆ ಕಾರ್ಡು ಕಣ್ಣುಬಿಡುವುದಿಲ್ಲ. ಬಿಪಿ ಮಾತ್ರೆಗೆ ನಿಮ್ಮ ಜೇಬು. ದುಡ್ಡಿಲ್ಲದೆ ಮಾತ್ರೆ ಬಿಟ್ಟು ಲಕ್ವ ಹೊಡೆಯಿತೋ, ಬನ್ನಿ ಬನ್ನಿ, ಐಸಿಯು ನಿಮ್ಮದೇ! ಶುಗರ್ ನೋಡಿಕೊಳ್ಳಲು ಕಾಸಿಲ್ಲ, ಕಾಲು ಕತ್ತರಿಸಲು ಇದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಡ್ತಾರಲ್ಲ ಅಂತೀರಿ. ಕೊಡ್ತಾರೆ. ಸ್ಟಾಕ್ ಇದ್ದ ದಿನ, ಅಲ್ಲಿವರೆಗೆ ನಡೆಯುವ ಮಂಡಿ ಇದ್ದವರಿಗೆ.

ಅಡ್ಮಿಟ್ ಆಗುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಖರ್ಚನ್ನೂ ಯೋಜನೆ ನೋಡಿಕೊಳ್ಳುತ್ತದೆ. ಸೊಂಟದ ಮೂಳೆ ಮುರಿದ ಅಜ್ಜಿ 16ನೇ ದಿನ ಬೆಳಿಗ್ಗೆ ಎದ್ದು ರಾಗಿ ಬೀಸುತ್ತಾಳೆ ಅಂತ ಫೈಲಿಗೆ ಗಟ್ಟಿ ನಂಬಿಕೆ. ಫಿಸಿಯೋಥೆರಪಿಯವರು ತಿಂಗಳುಗಟ್ಟಲೆ ಮನೆಗೆ ಬರಬೇಕಾದದ್ದು ಆ ಫೈಲಿಗೆ ಗೊತ್ತಿಲ್ಲ.

ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ಹಾಗಾಗಿ ಮನೆಯಲ್ಲಿ ಬಜೆಟ್ ಅಧಿವೇಶನ. "ಈ ವರ್ಷ ನಿಮ್ಮ ಹಾರ್ಟ್ ಆಗ್ಲಿ ರೀ, ನನ್ನ ಮಂಡಿ ಮುಂದಿನ ವರ್ಷ ನೋಡೋಣ."

ಮೊದಲೆಲ್ಲ ಹಿರಿಯರನ್ನು ಆಸ್ಪತ್ರೆಗೆ ಹೊರಡಿಸುವುದೇ ಒಂದು ಯುದ್ಧ. "ಕಷಾಯ ಕುಡಿದ್ರೆ ಹೋಗುತ್ತೆ ಬಿಡು" ಅಂತ ಮಂಚದ ಕಾಲು ಹಿಡಿದು ಕೂರುತ್ತಿದ್ದರು. ಈಗ ಕಾಲ ಬದಲಾಗಿದೆ. ಮಗ ರಜಾ ಹಾಕುವ ಮೊದಲೇ ತಾತ ಪ್ಲಾಸ್ಟಿಕ್ ಕವರಿಗೆ ಹಳೇ ರಿಪೋರ್ಟ್, ಕಾರ್ಡು ತುಂಬಿಕೊಂಡು ರೆಡಿ.

"ಒಂದಿನ ಅಡ್ಮಿಟ್ ಮಾಡ್ಕೊಳ್ಳಿ ಡಾಕ್ಟ್ರೇ, ಸ್ಕ್ಯಾನಿಂಗು ಕಾರ್ಡಲ್ಲಿ ಆಗೋಗ್ಲಿ."

"ಅಡ್ಮಿಟ್ ಮಾಡುವಂಥದ್ದು ನಿಮಗೇನೂ ಆಗಿಲ್ಲ ಯಜಮಾನ್ರೇ."

ತಾತನ ಮುಖ ಸಪ್ಪಗಾಗುತ್ತದೆ. "ಹಂಗಾದ್ರೆ ಯಾವಾಗ ಆಗಬಹುದು?"