ಮಿಸ್ತ್ರಿ ಕೂತರೆ ಮಾಯವಾಗುವ ಸಪ್ಪಳ

ನಮ್ಮ ಕಾರಿಗೀಗ 11 ವರ್ಷ. ಅದು ಸಪ್ಪಳ ಮಾಡುವುದು ಹೊಸದೇನಲ್ಲ. ಹಿಂದಿನ ಬಾಗಿಲಿನದು ಒಂದು ರಾಗ, ವೈಪರಿನದು ಇನ್ನೊಂದು. ಮನೆಯಲ್ಲಿನ ಹಿರಿಯರ ಕೆಮ್ಮಿನ ಹಾಗೆ, ಯಾವುದು ಯಾರದೆಂದು ಗೊತ್ತು. ಎದ್ದು ಹೋಗಿ ನೋಡುವ ಮಾತಿಲ್ಲ. ಆದರೆ ದೀಪಾವಳಿಗೆ ಅಣ್ಣಿಗೇರಿಗೆ ಹೋಗಿ ಅಪ್ಪನನ್ನು ನೋಡಿಕೊಂಡು ಬಂದ ಮರುದಿನ ಹೊರಟದ್ದು ಪರಿಚಯದ ಸಪ್ಪಳವಲ್ಲ. ಟಕ್ ಟಕ್. ತುಸು ಬಿಡುವು. ಮತ್ತೆ ಟಕ್ ಟಕಾ ಟಕ್. ಯಾರೋ ನಿಧಾನಕ್ಕೆ ಕೂತು ಅಡಕತ್ತಿನಲ್ಲಿ ಅಡಿಕೆ ಕತ್ತರಿಸಿದಂತೆ.

ತಪ್ಪನ್ನು ಮೊದಲು ಹೊಲದ ದಾರಿಯ ಮೇಲೆ ಹೊರಿಸಿದೆ. ಎರಿ ಮಣ್ಣು ಹಸಿ ಇದ್ದಾಗ ಚಕ್ಕಡಿ ಹೋಗಿ, ಆಮೇಲೆ ಒಣಗಿತೆಂದರೆ ಆ ಗಾಲಿ ಜಾಡು ಕಬ್ಬಿಣದ ಗಟಾರವೇ. ಅದರಲ್ಲಿ ಕಾರು ಇಳಿಸಿದ್ದೆ. ಏನೋ ಸಡಿಲಾಗಿರಬೇಕು ಅಂದುಕೊಂಡೆ.

ಬಾಜೂ ಮನೆಯ ಕಾಕಾ ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಮಾತು ಕೇಳುತ್ತಲೇ ಒಳಗೆ ಹೋಗಿ ಸುತ್ತಿಗೆ ತಂದರು. "ನಾವು ಗಾಲಿಗೆ ಬರೇ ತಟ್ಟಿ, ನಾದ ಕೇಳಿ, ಬಿರುಕು ಐತೋ ಇಲ್ಲೋ ಹೇಳತಿದ್ವಿ ತಮ್ಮಾ" ಅಂದರು. ರೈಲಿನ ಗಾಲಿಗೆ ಆ ಮಾತು ಖರೆ. ನಮ್ಮ ಕಾರಿನದು ರಬ್ಬರು, ಮೇಲೊಂದು ಪ್ಲಾಸ್ಟಿಕ್ ಕ್ಯಾಪ್. ಎರಡನೇ ಏಟಿಗೆ ಬಿರುಕು ಕ್ಯಾಪಿನಲ್ಲಿಯೇ ಕಾಣಿಸಿತು. "ಬೇರಿಂಗ್ ಹೋಗೇತಿ" ಎಂದು ತೀರ್ಪು ಕೊಟ್ಟು ಚಹಾ ಕುಡಿಯಲು ನಮ್ಮ ಮನೆಯೊಳಗೆ ಬಂದರು.

ಮನೆ ಹುಬ್ಬಳ್ಳಿಯಲ್ಲಿ, ನನ್ನ ಕಚೇರಿ ಧಾರವಾಡದಲ್ಲಿ. ದಿನಾ 20 ಕಿಲೋಮೀಟರ್ ಹೋಗಬೇಕು, ಅಷ್ಟೇ ಬರಬೇಕು. ಸಂಶೋಧನೆಗೆ ಬೇಕಾದಷ್ಟು ವೇಳೆ. ರೇಡಿಯೋ ಬಂದ್, ಏಸಿ ಬಂದ್, ಕಿಟಕಿ ಮೇಲೆ. ನಿಂತಲ್ಲಿ ಎಷ್ಟು ಎಕ್ಸಲರೇಟರ್ ತುಳಿದರೂ ಸಪ್ಪಳವಿಲ್ಲ, ಅಂದರೆ ಇಂಜಿನ್ ನಿರಪರಾಧಿ. ಓಡುವಾಗ ನ್ಯೂಟ್ರಲ್‌ಗೆ ಹಾಕಿದರೂ ಟಕ್ ಟಕ್, ಅಂದರೆ ಗೇರೂ ಅಲ್ಲ. ರಸ್ತೆ ಕುಲುಕಿದಾಗ ಮಾತ್ರ. ಪಕ್ಕದಲ್ಲಿ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ತನಗೆಂದೇ ಬಿಟ್ಟ ಹಾದಿಯಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಹೋಗುತ್ತಿದ್ದರೆ, ನಾನು ಉಣಕಲ್ ಕೆರೆ ಕಡೆ ಒಂದು ಕಿವಿ, ಡ್ಯಾಶ್‌ಬೋರ್ಡಿಗೆ ಒಂದು ಕಿವಿ ಕೊಟ್ಟು, ಕುತ್ತಿಗೆ ಓರೆ ಮಾಡಿಕೊಂಡು ಹೋಗುತ್ತಿದ್ದೆ. ನವನಗರದ ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಕನಿಕರದಿಂದ ನೋಡಿದ.

ಡಿಕ್ಕಿ ಖಾಲಿ ಮಾಡಿದೆ. ಜಾಕ್, ಮುರಿದ ಕೊಡೆ, ಮಗನ ಕ್ರಿಕೆಟ್ ಚೆಂಡು, ಯಾವ ಕಾಲದ್ದೋ ಪೇಡೆಯ ಬಾಕ್ಸು. ಬಾಕ್ಸಿನೊಳಗಿನ ಪೇಡೆ ನಿಜಕ್ಕೂ ಟಕ್ ಎನ್ನುವಷ್ಟು ಗಟ್ಟಿಯಾಗಿತ್ತು. ಆಸೆಯಿಂದ ಎಲ್ಲ ಕೆಳಗಿಳಿಸಿ ಒಂದು ಸುತ್ತು ಹೊಡೆದೆ. ಟಕ್ ಟಕ್.

ಇನ್ನು ಗೋಕುಲ ರೋಡಿನ ಗ್ಯಾರೇಜು. ಅಲ್ಲಿಯ ಮಿಸ್ತ್ರಿ ಸಾವಕಾಶದ ಮನುಷ್ಯ. ಕೀಲಿಕೈ ಇಸಿದುಕೊಂಡು ತಾನೇ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಪ್ಯಾಂಟಿನ ಜೇಬಿನಲ್ಲಿ ಮನೆಯ ಕೀಲಿಕೈ ಗೊಂಚಲು ತೊಡೆಗೆ ಚುಚ್ಚುತ್ತಿತ್ತು. ಎರಡು ಸಲ ಹಂಪ್ ಹಾರಿಸಿದ. ಸದ್ದೇ ಇಲ್ಲ! ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

"ಏನೂ ಇಲ್ಲಲ್ರೀ ಸರ."

"ಅಯ್ಯ, ಬರೂಮುಂದ ಬರಾಕತ್ತಿತ್ತಪಾ!"

ನನ್ನ ಮುಖ ನೋಡಿ ಅವನಿಗೇ ಪಾಪ ಅನಿಸಿರಬೇಕು. ಕಾರನ್ನು ಎತ್ತಿ ಕೆಳಗೆ ಹೊಕ್ಕು, ಸೈಲೆನ್ಸರಿನ ಕಾವು ಮೇಲೆ ಹತ್ತದಂತೆ ಹೊದಿಸಿದ ತೆಳು ತಗಡಿನ ಬೋಲ್ಟು ತುಕ್ಕು ಹಿಡಿದು ಸಡಿಲಾಗಿದ್ದನ್ನು ತೋರಿಸಿದ. ಕ್ಲಿಪ್ ಹಾಕಿ ಬಿಗಿದ. ಹೊಸೂರು ದಾಟುವುದರೊಳಗೆ ಟಕ್ ಟಕ್ ಹಾಜರು. ಎರಡನೇ ಸಲ, ತಿರುವಿನಲ್ಲಿ ಕಾರು ಓಲಾಡದಂತೆ ತಡೆಯುವ ಮುಂದಿನ ಎರಡೂ ಲಿಂಕ್ ರಾಡ್ ಬದಲಾದವು. ಒಟ್ಟು 2,340 ರೂಪಾಯಿ. ಎರಡೂ ಮಾಡಿಸಬೇಕಾದ ಕೆಲಸಗಳೇ, ಅವನದೇನೂ ತಪ್ಪಿಲ್ಲ. ಮೂರನೇ ಸಲ ಮಿಸ್ತ್ರಿ ಗಡ್ಡ ಕೆರೆದುಕೊಂಡ.

"ವಜ್ಜಿ ಬಿದ್ದಾಗ ಬರ್ತಿರಬೇಕ್ರಿ. ಅಕ್ಕಾರನ್ನ ಕರಕೊಂಡು ಬರ್ರಿ."

ವಜ್ಜಿ ಅಂದರೆ ಭಾರ. ಈ ಮಾತನ್ನು ಮನೆಯಲ್ಲಿ ಹೇಗೆ ಹೇಳಿದೆ, ಅದಕ್ಕೆ ಏನು ಉತ್ತರ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂತೂ ಹೆಂಡತಿ ಬಂದಳು. ಹಿಂದಿನ ಸೀಟಿನಲ್ಲಿ ಕೂತಳು. ಮಿಸ್ತ್ರಿ ಓಡಿಸಿದ. ಸಪ್ಪಳವಿಲ್ಲ. "ನಿಮ್ಮ ಕಿವೀನ ತೋರಿಸ್ರಿ ಮೊದಲ" ಅಂದಳು.

ಅಲ್ಲಿಂದ ಧಾರವಾಡಕ್ಕೆ, ಅವಳ ತಂಗಿಯ ಮನೆಗೆ ಹೊರಟೆವು. ಈಗ ಸ್ಟೀರಿಂಗ್ ನನ್ನ ಕೈಯಲ್ಲಿ, ಅವಳು ಪಕ್ಕದ ಸೀಟಿನಲ್ಲಿ. ಭೈರಿದೇವರಕೊಪ್ಪ ಬರುವಷ್ಟರಲ್ಲಿ ಟಕ್ ಟಕ್. "ಕೇಳಿದೀ?" ಎಂದೆ, ಲಾಟರಿ ಹೊಡೆದವನ ಹಾಗೆ. ಅವಳು ಮಾತಾಡಲಿಲ್ಲ. ಕೈ ಚಾಚಿ ಸ್ಟೀರಿಂಗ್ ಕೆಳಗೆ ಜೋತಾಡುತ್ತಿದ್ದ ಕೀಲಿಕೈ ಗೊಂಚಲು ಹಿಡಿದಳು. ಸಪ್ಪಳ ನಿಂತಿತು. ಬಿಟ್ಟಳು. ಟಕ್ ಟಕ್. ಹಿಡಿದಳು, ಬಿಟ್ಟಳು. ಹಾರ್ಮೋನಿಯಂ ನುಡಿಸಿದ ಹಾಗೆ ನವನಗರದವರೆಗೂ ಅದನ್ನೇ ಮಾಡಿದಳು.

ಗೊಂಚಲಿನಲ್ಲಿ ಅಣ್ಣಿಗೇರಿ ಮನೆಯ ತಲಬಾಗಿಲಿನ ಕೀಲಿಕೈ ಇತ್ತು: ಗೇಣಿಗೆ ತುಸು ಕಡಿಮೆ, ಅಚ್ಚ ಕಬ್ಬಿಣ. ದೀಪಾವಳಿಯಲ್ಲಿ ಅಪ್ಪ "ನಿನ್ನ ಕಡೆ ಒಂದು ಇರಲಿ" ಎಂದು ಕೊಟ್ಟದ್ದು. ಆ ಬಾಗಿಲಿಗೆ ಬೇರೆ ಕೀಲಿ ಬಂದು ವರ್ಷಗಳಾದವು, ಆದರೆ ಅಪ್ಪ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಅದೇ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಗ್ಯಾರೇಜಿಗೆ ಹೋದಾಗಲೆಲ್ಲ ಗೊಂಚಲು ಬಿಚ್ಚಿ ಜೇಬಿಗೆ ಹಾಕಿ, ಕಾರಿನದನ್ನಷ್ಟೇ ಮಿಸ್ತ್ರಿಗೆ ಕೊಡುತ್ತಿದ್ದೆ. "ಮನಿ ಕೀಲಿಕೈ ಮಂದಿ ಕೈಯಾಗ ಕೊಡಬ್ಯಾಡ್ರಿ" ಎಂದು ಕಟ್ಟಪ್ಪಣೆ ಮಾಡಿದವಳು ಯಾರೆಂದು ನೆನಪಿಸಲು ಬಾಯಿ ತೆರೆದೆ. 2,340 ನೆನಪಾಗಿ ಮುಚ್ಚಿದೆ.

ಮರುದಿನ ಕಾಕಾ ಕಾಂಪೌಂಡ್ ಮೇಲಿಂದ ಇಣುಕಿದರು. "ಸಪ್ಪಳ ಹೋತೇನೋ ತಮ್ಮಾ? ಏನಿತ್ತು?"

"ಬೇರಿಂಗ್ ರೀ ಕಾಕಾ."

"ನಾ ಅವತ್ತ ಹೇಳಿದ್ನಿಲ್ಲೋ!" ಎಂದವರೇ ಸುತ್ತಿಗೆ ಹಿಡಿದು ಎದುರು ಮನೆಯವರ ಸ್ಕೂಟರಿನ ಕಡೆ ನಡೆದರು.